ಮಟ್ಟವಾಗಿ ಸವೆದ ಹಿಮ್ಮಡಿ

ಎದುರಿಗಿದ್ದವರ ಮುಖ ನೋಡಿ ಪ್ರಶ್ನೆ ಕೇಳಲು ತನಗೆ ಈ ಜನ್ಮದಲ್ಲಿ ಬರುವುದಿಲ್ಲವೇನೋ ಎಂಬ ಅಳುಕನ್ನು ಹೊಸ ಮಹಿಳಾ ಪೇದೆ ತನ್ನೊಳಗೇ ಒಪ್ಪಿಕೊಂಡಿದ್ದಳು. ಪದವಿ ಮುಗಿಸಿ ಠಾಣೆ ಸೇರಿದ ಮೇಲೂ ಅವಳ ಕಣ್ಣು ಮೊದಲು ಹೋಗುತ್ತಿದ್ದುದು ಜನರ ಕಾಲಿಗೇ.

ಸೋಮವಾರ ಬೆಳಿಗ್ಗೆ ಔಷಧಿ ಪ್ಯಾಕಿಂಗ್ ಘಟಕದ ಮ್ಯಾನೇಜರ್ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುಂಟುತ್ತ ದೂರು ತಂದ. ತಿಂಗಳುಗಳಿಂದ ಮಂಡಿ ನೋವು, ಸೊಂಟ ನೋವು. ಮೊನ್ನೆ ಮೆಟ್ಟಿಲಲ್ಲಿ ಕಾಲು ಹೊರಳಿ ಬಿದ್ದು ಮಣಿಕಟ್ಟು ಮುರಿದಿತ್ತು. ಮೂಳೆ ವೈದ್ಯರು ಬೂಟು ತಿರುವಿ ನೋಡಿದರೆ ಬಲಗಾಲಿನ ಹಿಮ್ಮಡಿ ಅರ್ಧ ಇಂಚು ಗಿಡ್ಡ.

"ಕಾವಲುಗಾರನದೇ ಕೆಲಸ ಸಾರ್. ಒಳಗೆ ಹೋಗೋವಾಗ ಎಲ್ರೂ ಬೂಟು ಬಿಟ್ಟು ಘಟಕದ ಚಪ್ಪಲಿ ಹಾಕ್ಕೋಬೇಕು. ದಿನವೆಲ್ಲ ನನ್ನ ಬೂಟು ಅವನ ಕಣ್ಣೆದುರೇ ಇರುತ್ತೆ. ಕೆಲಸದಿಂದ ತೆಗೀತೀನಿ ಅಂದಿದ್ದೆ, ಅದಕ್ಕೆ!"

"ಬೂಟು ಸವೆಯೋದೂ ಅಪರಾಧವೇನ್ರೀ?" ಎಂದು ನಕ್ಕ ಇನ್ಸ್‌ಪೆಕ್ಟರ್, ಬೂಟು ಕೈಗೆ ಬಂದಾಗ ನಗು ನಿಲ್ಲಿಸಿದರು. ನಡೆದು ಸವೆದ ಹಿಮ್ಮಡಿ ಒಂದು ಅಂಚಿಗೆ ಓರೆಯಾಗುತ್ತದೆ. ಇದು ಹಲಗೆಯಂತೆ ಮಟ್ಟವಾಗಿತ್ತು. ಯಾರೋ ಉಜ್ಜಿದ್ದರು. ಎಫ್‌ಐಆರ್ ದಾಖಲಾಯಿತು. ಕಾವಲುಗಾರನನ್ನು ಠಾಣೆಗೆ ಕರೆಸಿದರು.

"ನೀನೇನಾ?"

"ಆ ಬೂಟಿನ ವಾಸನೆಗೆ ನಾನು ಮಾರು ದೂರ ಕೂರ್ತೀನಿ ಸಾರ್," ಎಂದ ಕಾವಲುಗಾರ.

"ನಾಲಿಗೆ ಉದ್ದ ಆಯ್ತು ನಿಂದು."

ಅನುಮಾನ ಬಲವಾಯಿತು. ಅವನನ್ನು ಠಾಣೆಯಲ್ಲೇ ಕೂರಿಸಿ, ಉಳಿದ ಪಾದರಕ್ಷೆಗಳ ಪಂಚನಾಮೆಗೆಂದು ಇನ್ಸ್‌ಪೆಕ್ಟರ್ ಪೇದೆಯೊಂದಿಗೆ ಮ್ಯಾನೇಜರನ ಮನೆಗೆ ಹೋದರು. ಮನೆಯಲ್ಲಿದ್ದವರು ಅವನು ಮತ್ತು ಅದೇ ಘಟಕದಲ್ಲಿ ಡಬ್ಬಿ ತುಂಬುವ ಅವನ ತಂಗಿ, ಇಬ್ಬರೇ.

ಬಚ್ಚಲ ಬಾಗಿಲಲ್ಲಿ ಪೇದೆ ನಿಂತುಬಿಟ್ಟಳು.

"ನೆಲದಲ್ಲೇನಮ್ಮಾ, ಚಿಲ್ಲರೆ ಬಿದ್ದಿದ್ಯಾ?" ಎಂದರು ಇನ್ಸ್‌ಪೆಕ್ಟರ್.

"ಸಾರ್... ಇದು ಮ್ಯಾನೇಜರ್ ಮನೇಲಿ ಹಾಕೋ ಹವಾಯಿ ಚಪ್ಪಲಿ. ಹೊರಗೆ ಹೋಗೋದೇ ಇಲ್ಲ. ಇದರ ಬಲಗಾಲೂ ಹಾಗೇ ಉಜ್ಜಿದೆ."

ಕಾವಲುಗಾರ ಈ ಮನೆಯ ಹೊಸ್ತಿಲು ತುಳಿದವನಲ್ಲ.

ಅಷ್ಟರಲ್ಲಿ ತಂಗಿ ನೀರು ತಂದಳು. ಅಡುಗೆಮನೆಯ ಒಂದೇ ಒಂದು ಮೆಟ್ಟಿಲನ್ನು ಗೋಡೆ ಹಿಡಿದು, ಅಡ್ಡ ತಿರುಗಿ ಇಳಿದಳು. ಮನೆ ಹುಡುಕಿದಾಗ ಅವಳ ಹೊಲಿಗೆ ಯಂತ್ರದ ಖಾನೆಯಲ್ಲಿ ಉಪ್ಪುಕಾಗದ ಸಿಕ್ಕಿತು. ಅದರ ತುಂಬ ರಬ್ಬರಿನ ಕಪ್ಪು ಪುಡಿ.

"ಯಾಕಮ್ಮಾ?"

"ಘಟಕದ ಚಪ್ಪಲಿ ಹಪ್ಪಳದ ಹಾಗೆ ತೆಳು ಸಾರ್. ಅಣ್ಣ ಕುರ್ಚೀಲಿ ಕೂರ್ತಾನೆ, ನಾವು ಸಿಮೆಂಟ್ ನೆಲದ ಮೇಲೆ ದಿನವೆಲ್ಲ ನಿಂತೇ ಇರಬೇಕು. ಎರಡೂ ಮಂಡಿ ಹೋಯ್ತು. ದಪ್ಪ ಅಟ್ಟೆದು ಕೊಡ್ಸಣ್ಣಾ, ಸ್ಟೂಲಾದ್ರೂ ಹಾಕ್ಸಣ್ಣಾ ಅಂತ ಗೋಗರೆದೆ. 'ಕುಂಟನಿಗೆ ಎಂಟು ಚೇಷ್ಟೆ' ಅಂತ ಎಲ್ಲರೆದುರು ನಕ್ಕ. ಆ ನೋವು ಅವನಿಗೂ ಗೊತ್ತಾಗ್ಲಿ ಅಂತ ಉಜ್ಜಿದೆ. ಬೀಳ್ಲಿ ಅಂತಲ್ಲ."

ಸಂಜೆ ನಾಲ್ಕೂವರೆಗೆ ಬಂಧನ ದಾಖಲಿಸಿ, ಕಾವಲುಗಾರನನ್ನು ಬಿಟ್ಟುಬಿಡಲು ಠಾಣೆಗೆ ಫೋನ್ ಮಾಡಲಾಯಿತು. ಜೀಪಿನತ್ತ ಹೊರಟ ತಂಗಿ ಅಂಗಳದ ಪ್ರತಿ ಮೆಟ್ಟಿಲಲ್ಲೂ ನಿಂತಳು.

"ನೋಡಿ ಸಾರ್, ಈಗ್ಲೂ ನಾಟಕ!" ಎಂದು ಅಣ್ಣ ಬಾಗಿಲಿನಿಂದ ಕೂಗಿದ.

ತಂಗಿಯ ರಟ್ಟೆ ಹಿಡಿದಿದ್ದ ಪೇದೆ ಹಿಂದೆ ತಿರುಗಿ, ಬೀದಿಗೆಲ್ಲ ಕೇಳುವಂತೆ ಹೇಳಿದಳು:

"ನಾಟಕ ಅಲ್ಲ ರೀ. ಇವರಿಗೆ ನಿಜವಾಗ್ಲೂ ನೋಯ್ತಿದೆ."