ದಕ್ಷಿಣ ಬಾಗಿಲ ಮೇಲಿನ ಮುಖ

ಡಾರಿಯೋ ನನ್ನನ್ನು ನೋಡುತ್ತಿದ್ದದ್ದು ಪ್ರೀತಿಯಿಂದಲೋ, ಬರೀ ಕೆಲಸಕ್ಕಾಗಿಯೋ? ಇಡೀ ಬೇಸಿಗೆ ತಲೆ ಕೆಡಿಸಿಕೊಂಡರೂ ನನಗೆ ಗೊತ್ತಾಗಲೇ ಇಲ್ಲ.

ಆ ವಸಂತದ ಸುಂಟರಗಾಳಿ ನಮ್ಮೂರ ಕೋರ್ಟ್ ಕಟ್ಟಡದ ದಕ್ಷಿಣ ಬಾಗಿಲ ಮೇಲಿದ್ದ ಕಲ್ಲಿನ ಮುಖವನ್ನು ಒಡೆದುಹಾಕಿತ್ತು. ಉಳಿದ ಮುಖಗಳೆಲ್ಲ ನಮ್ಮೂರವರದೇ. ಕಟ್ಟುವಾಗ ಶಿಲ್ಪಿಗಳು ಕಣ್ಣಿಗೆ ಬಿದ್ದವರನ್ನೆಲ್ಲ ಕೆತ್ತಿಟ್ಟಿದ್ದರಂತೆ. ನನ್ನ ಮುತ್ತಜ್ಜ ಉತ್ತರದ ಕಿಟಕಿಯ ಮೇಲೆ ಇವತ್ತಿಗೂ ಕೆನ್ನೆ ಉಬ್ಬಿಸಿಕೊಂಡಿದ್ದಾನೆ. ಒಡೆದ ಜಾಗಕ್ಕೆ ಹೊಸ ಮುಖ ಕೆತ್ತಲು ಬಂದವನೇ ಡಾರಿಯೋ. ಕೈ ತುಂಬ ಸುಣ್ಣಕಲ್ಲಿನ ಪುಡಿ, ಬಾಯಲ್ಲಿ ಮಾತಿಗೆ ಬರ.

ಮಧ್ಯಾಹ್ನವಾದರೆ ಓಪಲ್ ಚಿಕ್ಕಮ್ಮನ ಹೋಟೆಲಿಗೆ ಬರುತ್ತಿದ್ದ. ನಾನು ಬಡಿಸಿದ ಪರ್ಸಿಮನ್ ಹಣ್ಣಿನ ಪುಡ್ಡಿಂಗನ್ನು ಮುಂದಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತ ಕೂರುತ್ತಿದ್ದ.

"ಏನ್ರೀ, ತಣ್ಣಗಾಯ್ತು ಅದು."

"ಸ್ವಲ್ಪ ಆ ಕಡೆ ತಿರುಗಿ, ನೋರಾ."

"ಯಾಕೆ?"

"ಸುಮ್ನೆ."

ಸುಮ್ನೆ ಅಂತೆ! ಆ ಕಡೆ ತಿರುಗಿದರೆ ಕಿವಿ ಬಿಸಿಯಾಗುತ್ತಿತ್ತು, ಈ ಕಡೆ ತಿರುಗಿದರೆ ಕಾಫಿ ಚೆಲ್ಲುತ್ತಿತ್ತು.

"ನಿನ್ನ ಕಾಫಿ ಎಲ್ಲರ ತಟ್ಟೇಲೂ ಇದೆ ಕಣೇ, ಕಪ್ಪಲ್ಲಿ ಮಾತ್ರ ಇಲ್ಲ" ಅಂತ ಚಿಕ್ಕಮ್ಮ ಗೊಣಗುತ್ತಿದ್ದಳು.

ಒಂದು ದಿನ ಅವನೇ ಬಾಯಿ ಬಿಟ್ಟ. "ಇಲ್ಲಿನ ಕಲ್ಲು ಕೊಯ್ಯೋ ಮಿಲ್ಲಲ್ಲಿ ಕೆಲಸ ಕೊಡ್ತೀವಿ ಅಂತಿದಾರೆ. ಇರೋದೋ, ಹೋಗೋದೋ... ನಾಳೆ ನನ್ನ ಕೆಲಸದ ಷೆಡ್ಡಿಗೆ ಬನ್ನಿ. ಮುಖ ಮುಗ್ದಿದೆ. ನೋಡಿ ಹೇಳಿ."

"ಏನು ಹೇಳ್ಲಿ?"

"ನೋಡಿದ್ರೆ ನಿಮಗೇ ಗೊತ್ತಾಗತ್ತೆ. ಕಲ್ಲುಗಣಿಯವರ ಮಗಳು, ನಿಮಗೆ ನಾನೇನು ಬಿಡಿಸಿ ಹೇಳೋದು?"

ಆ ರಾತ್ರಿ ನಿದ್ದೆ ಬರಲಿಲ್ಲ. ಇವನು ಇಲ್ಲೇ ಇದ್ದುಬಿಡಲಿ ಅಂತ ನನಗೆಷ್ಟು ಆಸೆಯಿತ್ತೆಂದು ಆಗಲೇ ತಿಳಿದದ್ದು.

ನೀಲಿ ಫ್ರಾಕು ಹಾಕಿಕೊಂಡು ಹೋದೆ. ಅವನು ಟಾರ್ಪಾಲು ಎಳೆದ. ಒಳಗಿದ್ದದ್ದು ಕುದುರೆಯದಷ್ಟು ಉದ್ದದ ಮುಖ. ಹಣೆ ಮುಂದಕ್ಕೆ ಚಾಚಿತ್ತು, ಕಣ್ಣುಗಳು ಎರಡು ಗುಂಡಿ. ತುಟಿಯ ಪಕ್ಕ ನನ್ನದೇ ಮಚ್ಚೆ, ಹುರುಳಿಕಾಳಿನಷ್ಟು ದಪ್ಪಕ್ಕೆ.

"ಇದು... ನಾನಾ?"

"ಹೂಂ." ಅವನ ಮುಖ ಅರಳಿತ್ತು. "ಏನಂತೀರಿ?"

"ತುಂಬ ಥ್ಯಾಂಕ್ಸ್" ಅಂದೆ.  ತಿರುಗಿ ನೋಡದೆ ಬಂದುಬಿಟ್ಟೆ.

ಮರುದಿನದಿಂದ ಅವನ ಟೇಬಲ್ಲಿಗೆ ಚಿಕ್ಕಮ್ಮನನ್ನೇ ಕಳಿಸಿದೆ. ಅವನು ತಲೆ ತಗ್ಗಿಸಿ ಕೂತು, ತಿನ್ನದೆ ಎದ್ದುಹೋಗುತ್ತಿದ್ದ. ನನಗೆ ತಲೆಬುಡ ಹತ್ತಲಿಲ್ಲ. ಗೇಲಿ ಮಾಡಿದವನು ಅವನು, ಪೆಟ್ಟು ತಿಂದವನ ಹಾಗೆ ಕೂರುವುದೂ ಅವನೇ? ಸಿಟ್ಟು ಬರಿಸಿಕೊಳ್ಳೋಣ ಅಂದರೆ ಕರುಳು ಚುರುಕ್ ಅನ್ನುತ್ತಿತ್ತು.

ಕ್ರೇನಿನಿಂದ ಕಲ್ಲು ಏರಿಸಿದ ದಿನ ನಾನು ಅಡುಗೆಮನೆಯಲ್ಲೇ ಅಡಗಿ ಕೂತಿದ್ದೆ. ಚಿಕ್ಕಮ್ಮ ಒಳಗೆ ಬಂದು ಸೊಂಟಕ್ಕೆ ಕೈ ಇಟ್ಟು ನಿಂತಳು.

"ಮಿಲ್ಲಿನವರಿಗೆ ಬೇಡ ಅಂದ್ನಂತೆ. ಇವತ್ತೇ ಹೊರಡ್ತಾನೆ. ಹೋಗಿ ಒಂದು ಸಲ ತಲೆ ಎತ್ತಿ ನೋಡೇ, ಮೂದೇವಿ."

ರಸ್ತೆ ದಾಟಿದೆ. ತಲೆ ಎತ್ತಿದೆ.

ದಕ್ಷಿಣ ಬಾಗಿಲ ಮೇಲೆ ನಾನಿದ್ದೆ. ಇದ್ದದ್ದಕ್ಕಿಂತ ಚೆಲುವೆಯನ್ನಾಗಿಯೇನೂ ಮಾಡಿರಲಿಲ್ಲ. ಯಾರದೋ ಮಾತು ಕೇಳುತ್ತ, ಇನ್ನೇನು ನಗುವ ನಾನು. ಕನ್ನಡಿಯಲ್ಲಿ ಅವಳನ್ನು ನಾನು ಯಾವತ್ತೂ ಕಂಡಿರಲಿಲ್ಲ. ಕುದುರೆ ಎಲ್ಲಿ ಹೋಯಿತು?

ಡಾರಿಯೋ ಇನ್ನೂ ಗೋಡೆಗೆ ಕಟ್ಟಿದ್ದ ಸಾರವೆಯ ಮೇಲೆ ನಿಂತು ಸಂದಿಗೆ ಗಾರೆ ಮೆತ್ತುತ್ತಿದ್ದ. ಅದರ ಮೆಟ್ಟಿಲು ಹತ್ತಿಯೇಬಿಟ್ಟೆ.

"ನೋರಾ! ಬೀಳ್ತೀರಿ!"

"ಬಿದ್ರೆ ಬೀಳ್ತೀನಿ, ನಿಮಗೇನು?"

ಮೇಲೆ ಹೋಗಿ ಹತ್ತಿರದಿಂದ ನೋಡಿದರೆ, ಅದೇ ಕುದುರೆ ಮುಖ!

"ಕೆಳಗಿಂದ ನಾನು, ಇಲ್ಲಿ ಇದು. ಏನು ಮಾಟ ಇದು?"

ಅವನು ಪಿಳಿಪಿಳಿ ಕಣ್ಣು ಬಿಟ್ಟ. "ಕೆಳಗಿಂದ ನೋಡಿದ್ರೆ ಮುಖ ಗಿಡ್ಡ ಕಾಣತ್ತೆ, ಹಣೆ ಹಿಂದೆ ಸರಿಯತ್ತೆ. ಅದಕ್ಕೇ ಮೊದಲೇ ಉದ್ದ ಮಾಡಿ ಮುಂದಕ್ಕೆ ಬಗ್ಗಿಸಿ ಕೆತ್ತೋದು. ನಿಮಗೆ ಗೊತ್ತಿರತ್ತೆ ಅಂದ್ಕೊಂಡೆ."

"ನಮ್ಮಪ್ಪ ಗಣೀಲಿ ಬಂಡೆ ಎಬ್ಬಿಸ್ತಿದ್ದ ಮಾರಾಯ, ಮೂಗು ಕೆತ್ತುತ್ತಿರಲಿಲ್ಲ!"

ಅವನು ಮೆಲ್ಲಗೆ ಕೇಳಿದ. "ಹಾಗಾದ್ರೆ ಅವತ್ತು ಷೆಡ್ಡಲ್ಲಿ ನೀನು ಥ್ಯಾಂಕ್ಸ್ ಅಂದು ಹೋಗಿದ್ದು, ನಾನು ಬೇಡ ಅಂತ ಅಲ್ವಾ?"

"ನೀನು ಕೇಳಿದ್ದಾದ್ರೂ ಯಾವಾಗ?"

"ಆ ಕಲ್ಲಲ್ಲೇ ಕೇಳಿದ್ದೆ. ನನಗೆ ಬೇರೆ ಥರ ಕೇಳೋಕೆ ಬರಲ್ಲ."

ನಗಬೇಕೋ, ಇವನ ತಲೆಗೆ ಮೊಟಕಬೇಕೋ ತಿಳಿಯಲಿಲ್ಲ. "ಕಲಿ. ಈಗಲೇ."

ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ನೀನಂದ್ರೆ ನನಗೆ ಇಷ್ಟ, ನೋರಾ. ತುಂಬ. ನೀನು ಕಾಫಿ ಚೆಲ್ಲೋದೂ ಇಷ್ಟ. ನೀನು ಇರು ಅಂದ್ರೆ, ಈಗಲೇ ಮಿಲ್ಲಿಗೆ ಹೋಗಿ ಹೇಳ್ತೀನಿ."

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಕೆಳಗೆ ನೋಡಿದೆ. ಅರ್ಧ ಊರೇ ಕತ್ತೆತ್ತಿ ನಿಂತಿತ್ತು. ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಮೊದಲು ನನ್ನನ್ನ ಇಳಿಸು."

ಅವನು ಮುಂದೆ, ನಾನು ಹಿಂದೆ. ಒರಟು ಕೈ, ಬೆಚ್ಚಗಿತ್ತು. ಒಂದೊಂದೇ ಮೆಟ್ಟಿಲು ಇಳಿದೆವು. ಅವನು ನನ್ನ ಉತ್ತರಕ್ಕೆ ಕಾಯುತ್ತಿದ್ದ.

"ನೆಲ ಬಂತು" ಅಂದ ಕೊನೆಗೆ. "ಇನ್ನು ಕೈ ಬಿಡಬಹುದು."

ನಾನು ಬಿಡಲಿಲ್ಲ.