ರೈಲಿಲ್ಲದ ದೇಶದ ರೈಲು

ಅಮೆರಿಕದ ಇಟಾಸ್ಕಾ ಊರಿನ ಹೋಟೆಲಿನ ಹಿಂಬದಿ ಮೆಟ್ಟಿಲ ಬುಡದಲ್ಲಿ ಪ್ರಕಾಶ ಸತ್ತುಬಿದ್ದಿದ್ದ. ಯಾರೋ ಹಿಂದಿನಿಂದ ತಲೆಗೆ ಹೊಡೆದಿದ್ದರು. ಲ್ಯಾಪ್‌ಟಾಪ್ ಕಾಣೆಯಾಗಿತ್ತು. ಬೆಳಿಗ್ಗೆ ತಿಂಡಿಗೆ ಕರೆಯಲು ಹುಡುಕಿಕೊಂಡು ಹೋದ ಲತಾಶ್ರೀ ಅವನನ್ನು ಕಂಡು ಪೊಲೀಸರಿಗೆ ಫೋನ್ ಮಾಡಿದಳು.

ಪ್ರಕಾಶ ಅಲ್ಲಿಂದ ಐದು ಗಂಟೆ ದಾರಿಯ ಡಿಯರ್‌ಬಾರ್ನ್‌ನಲ್ಲಿ ಕಾರುಗಳ ಸದ್ದು ಪರೀಕ್ಷಿಸುವ ಇಂಜಿನಿಯರ್, ಅವಳಿಗೆ ತಮ್ಮನಂತಿದ್ದವನು. ತರ್ವಾನ ದೇಶದ ಸರ್ವಾಧಿಕಾರಿಯ ವಿರುದ್ಧ ಬಂಡೆದ್ದಿದ್ದ ಕರ್ನಲ್ ತೊರಾನ್‌ನನ್ನು ನಂಬಿ ಇಬ್ಬರೂ ದುಡಿದಿದ್ದರು. ಅಮೆರಿಕದ ಸೇನೆ ಅಲ್ಲಿ ಇಳಿಯಬೇಕೆಂದು ಕೇಳಲು ಅಂದು ಸಂಜೆ ಅದೇ ಹೋಟೆಲಿನಲ್ಲಿ ಸಭೆಯಿತ್ತು. ತರ್ವಾನದ ಶಾಲೆಯ ಮೇಲೆ ಸರ್ವಾಧಿಕಾರಿಯ ಬಾಂಬು ಬೀಳುವ ವಿಡಿಯೊವನ್ನು ಪ್ರಕಾಶನೇ ತೋರಿಸಬೇಕಿತ್ತು.

ಲತಾಶ್ರೀಯ ಜೊತೆ ಡಿಯರ್‌ಬಾರ್ನ್ ಹತ್ತಿರದ ಪ್ಲಿಮತ್‌ನಿಂದ ಬಂದಿದ್ದ ಗುರುದೇವಿ ಆಂಟಿ ಧಾರವಾಡದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದವರು. ಅವರ ಎಷ್ಟೋ ಪತ್ತೇದಾರಿ ಕೆಲಸಗಳಲ್ಲಿ ಲತಾಶ್ರೀಯೇ ಜೊತೆಗಾತಿ. ಹಿಂದಿನ ಸಂಜೆ ಪ್ರಕಾಶ ಏನಾದರೂ ಹೇಳಿದ್ದನೇ ಎಂದು ಅವರು ಕೇಳಿದರು. ವಿಡಿಯೊದಲ್ಲಿ ಗೂಡ್ಸ್ ರೈಲಿನ ಹಾರ್ನ್ ಕೇಳಿಸುತ್ತದೆ, ತರ್ವಾನದಲ್ಲಿ ರೈಲೇ ಇಲ್ಲವಲ್ಲ ಎಂದಿದ್ದನೆಂದು ಲತಾಶ್ರೀ ತಿಳಿಸಿದಳು.

ಪೊಲೀಸರು ಎಲ್ಲರನ್ನೂ ಸಭಾಂಗಣದಲ್ಲಿ ಕೂಡಿಸಿದರು. ಇದು ಸರ್ವಾಧಿಕಾರಿಯ ಗೂಢಚಾರರ ಕೆಲಸ ಎಂದ ತೊರಾನ್. ಅವನ ಸಲಹೆಗಾರ ಹೇಲ್ ಲಿಥಿಯಂ ಗಣಿ ಕಂಪನಿಯೊಂದರವನು. ತಾನು ರಾತ್ರಿಯೆಲ್ಲ ಡಿಯರ್‌ಬಾರ್ನ್‌ನ ಮನೆಯಲ್ಲಿದ್ದೆ, ಹನ್ನೊಂದಕ್ಕೆ ಪ್ರಕಾಶ ಫೋನ್ ಮಾಡಿದಾಗ ಮಂಚದ ಪಕ್ಕದ ಗಡಿಯಾರ ನೋಡಿದ್ದೆ, ಈಗಷ್ಟೇ ಡ್ರೈವ್ ಮಾಡಿಕೊಂಡು ಬಂದೆ ಎಂದ. ಪ್ರಕಾಶನ ಫೋನೂ ಹನ್ನೊಂದು ಗಂಟೆಯನ್ನೇ ತೋರಿಸುತ್ತಿತ್ತು.

"ಲತಾ, ಇಲ್ಲಿ ಹನ್ನೊಂದಾದ್ರ ಡಿಯರ್‌ಬಾರ್ನ್‌ನಾಗ ಎಷ್ಟಾಗಿರತೈತಿ?"

"ಹನ್ನೆರಡು, ಆಂಟಿ." ಡಿಯರ್‌ಬಾರ್ನ್‌ನ ಸಮಯ ಇಟಾಸ್ಕಾದ್ದಕ್ಕಿಂತ ಒಂದು ಗಂಟೆ ಮುಂದೆ.

"ಅಂದ್ರ ಇಂವಾ ನೋಡಿದ್ದು ಇಲ್ಲೀ ಗಡಿಯಾರ."

ಗುರುದೇವಿ ಉಳಿದದ್ದನ್ನೂ ಬಿಡಿಸಿಟ್ಟರು. ವಿಡಿಯೊ ತೆಗೆದದ್ದು ರೈಲು ಓಡುವ ಬೇರಾವುದೋ ದೇಶದಲ್ಲಿ. ಅದನ್ನು ತೋರಿಸುವುದಿಲ್ಲ ಎನ್ನಲು ಪ್ರಕಾಶ ಫೋನ್ ಮಾಡಿದ್ದ. ವಿಡಿಯೊ ಇಲ್ಲದಿದ್ದರೆ ಸೇನೆ ಹೋಗುವುದಿಲ್ಲ, ಸೇನೆ ಹೋಗದಿದ್ದರೆ ಹೇಲ್‌ನ ಕಂಪನಿಗೆ ತರ್ವಾನದ ಗಣಿ ಸಿಗುವುದಿಲ್ಲ. ಮಾತನಾಡೋಣ ಬಾ ಎಂದು ಅವನನ್ನು ಮೆಟ್ಟಿಲ ಬಳಿಗೆ ಕರೆಸಿಕೊಂಡು ಹೊಡೆದದ್ದು ಹೇಲ್. ಪೊಲೀಸರು ವಿಚಾರಿಸಿದಾಗ ಹೇಲ್ ಹಿಂದಿನ ಸಂಜೆಯೇ ಎದುರಿನ ಹೋಟೆಲಿನಲ್ಲಿ ಇಳಿದದ್ದು ಗೊತ್ತಾಯಿತು. ಲ್ಯಾಪ್‌ಟಾಪ್ ಅವನ ಕಾರಿನಲ್ಲೇ ಸಿಕ್ಕಿತು.

ಅವನಿಗೆ ಕೋಳ ಬಿತ್ತು. ಲತಾಶ್ರೀ ತೊರಾನ್ ಕಡೆ ತಿರುಗಿದಳು. ವಿಡಿಯೊ ಸುಳ್ಳೆಂದು ನಿಮಗೆ ಗೊತ್ತಿತ್ತೇ ಎಂದು ಕೇಳಿದಳು.

"ಶಾಲೆಗಳ ಮೇಲೆ ನಿಜವಾಗಿಯೂ ಬಾಂಬು ಬಿದ್ದಿದೆ," ಎಂದ ತೊರಾನ್. "ಆಗ ಕ್ಯಾಮೆರಾ ಇರಲಿಲ್ಲ, ಅಷ್ಟೆ. ಸಂಜೆಯ ಸಭೆ ನಡೆಯುತ್ತದಲ್ಲ?"

ಲತಾಶ್ರೀ ವೇದಿಕೆ ಹತ್ತಿ ತಾನೇ ಕಟ್ಟಿದ್ದ ಅವನ ಬ್ಯಾನರಿನ ಗಂಟಿಗೆ ಕೈಹಾಕಿದಳು. ಗಂಟು ಬಿಚ್ಚಿ ಒಂದು ತುದಿಯನ್ನು ಕೆಳಗಿಳಿಸಿದಳು. ಗುರುದೇವಿ ಬಂದು ಇನ್ನೊಂದು ತುದಿ ಬಿಚ್ಚತೊಡಗಿದರು.