ಬಾಗಿಲ ಮುಂದೆ ಬಿಟ್ಟ ಮೆಟ್ಟು

ಮಾರ್ಚ್ ಹದಿನೆಂಟರ ಬೆಳಿಗ್ಗೆ ತಿಕೋಟಾ ಪೊಲೀಸ್ ಠಾಣೆಗೆ ದೂರು ಬಂತು. ಕೊಟ್ಟವರು ಒಣದ್ರಾಕ್ಷಿ ಘಟಕದ ಮಾಲೀಕ, ವಿಜಯಪುರ ಜೋರಾಪುರ ಪೇಟೆಯ ಗುರುಪಾದಯ್ಯ. ಘಟಕದ ಕ್ಯಾಮೆರಾ ದೃಶ್ಯಗಳು ದಾಖಲಾಗುವ ಡಿವಿಆರ್ ಪೆಟ್ಟಿಗೆ ರಾತ್ರಿ ಕಳುವಾಗಿತ್ತು. ಅದನ್ನು ಆ ವಾರವೇ ಕಾರ್ಮಿಕ ನ್ಯಾಯಾಲಯಕ್ಕೆ ಒಪ್ಪಿಸಬೇಕಿತ್ತು. ಹೊತ್ತು ಮುಳುಗಿದ ಮೇಲೂ ದುಡಿಸಿಕೊಂಡು ಓಟಿ ಕೂಲಿ ಕೊಟ್ಟಿಲ್ಲವೆಂದು ದ್ರಾಕ್ಷಿ ಆರಿಸುವ ಹೆಣ್ಣುಮಕ್ಕಳು ದಾವೆ ಹೂಡಿದ್ದರು. ಅವರಿಗಿದ್ದ ಗಟ್ಟಿ ಸಾಕ್ಷಿ ಅದೊಂದೇ.

ಎಫ್‌ಐಆರ್ ದಾಖಲಿಸುವಾಗಲೇ ಪಿಎಸ್‌ಐ ಸೌಭಾಗ್ಯ ಅವರಿಗೆ ದೂರುದಾರನ ಮೇಲೆ ಗುಮಾನಿ. ಈ ಕಳುವಿನಿಂದ ಬೇರೆ ಯಾರಿಗೆ ಲಾಭ?

"ನಾನ ಕದ್ದು ನಾನ ಯಾಕ ಬರ್ಲಿ ಮೇಡಮ್ರಿ?" ಎಂದರು ಗುರುಪಾದಯ್ಯ.

"ಹಂಗೂ ಬರ್ತಾರ್ರಿ. ನಡೀರಿ, ಜಾಗಾ ನೋಡೂಣು."

ಪಂಚನಾಮೆ ನಡೆದಾಗ ಹೆಡ್ ಕಾನ್‌ಸ್ಟೆಬಲ್ ಜಾಹೀದ ಹಿಂಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತರು. ಧೂಳೇಳದಂತೆ ಸಂಜೆ ನೀರು ಚಿಮುಕಿಸಿದ್ದ ಮಣ್ಣಿನಲ್ಲಿ ಒಂದು ಜೋಡಿ ಮೆಟ್ಟು ಬಿಟ್ಟ ಗುರುತು, ಅಲ್ಲಿಂದ ಒಳಕ್ಕೆ ಬರಿಗಾಲಿನ ಹೆಜ್ಜೆ. ತಿನ್ನುವ ಮಾಲಿರುವಲ್ಲಿ ಮೆಟ್ಟು ಹಾಕಿ ಹೋಗಬಾರದೆಂಬುದು ಘಟಕದ ರೂಢಿ. ಕದಿಯಲು ಬಂದ ಪುಣ್ಯಾತ್ಮನೂ ಅದನ್ನು ಮೀರಿರಲಿಲ್ಲ!

"ಭಾರಿ ಮಡಿವಂತ ಕಳ್ಳ ಅದಾನ್ರಿ," ಎಂದರು ಜಾಹೀದ. "ಕಬ್ಬಿಣದ ನಾಲು ಬಡಿದ ಮೆಟ್ಟು. ಕುರಿ ಕಾಯೋರು ಹಾಕ್ಕೊಳ್ತಾರ."

ಅಂಥ ಮೆಟ್ಟು ಅಲ್ಲಿ ಒಬ್ಬನದೇ. ಕಾವಲುಗಾರ ಅಮೋಘಿ, ಮಮದಾಪುರದ ಕುರಿಗಾರರ ಮನೆಯವನು. ದಾವೆ ಹೂಡಿದವರ ಮುಂದಾಳು ಹುಚ್ಚವ್ವ ಅವನ ಹೆಂಡತಿಯೇ. ಸೌಭಾಗ್ಯ ಅವರಿಗೆ ನಂಬಲಾಗಲಿಲ್ಲ.

"ರಾತ್ರಿ ಎಲ್ಲಿದ್ದಿ?"

"ಗೇಟಿನ್ಯಾಗ್ರಿ. ಕದಲಿಲ್ರಿ."

"ಹಿಂದಿನ ಬಾಗಲಕ ಹೋಗಿಲ್ಲ?"

"ಇಲ್ರಿ."

"ಮೆಟ್ಟು ಬಿಡು."

ಗುರುತಿಗೆ ಮೆಟ್ಟು ಸರಿಯಾಗಿ ಕೂಡಿತು.

"ಹೇಣ್ತಿ ಕೂಲಿ ಮುಳುಗಸಾಕ ರೊಕ್ಕ ತಗೊಂಡಿ ಏನಲೇ?"

"ಇಲ್ರಿ ಯವ್ವಾ! ಮಾಲು ಮುಗಿಯೂತನಕ ಯಾರೂ ಹೋಗಬಾರ್ದಂತ ಸಾವಕಾರ್ರು ಹೊರಗಿಂದ ಕೀಲಿ ಹಾಕಸ್ತಿದ್ರು. ಹಾಕಿದಾಂವ ನಾನರಿ. ಒಳಗ ಆಕಿನೂ ಇರ್ತಿದ್ಲು. ಸಾವಕಾರ್ರ ಹಾಕ್ಯಾರಂತ ಆಕಿಗಿ ಸುಳ್ಳು ಹೇಳೇನ್ರಿ. ಕೋರ್ಟಿನ್ಯಾಗ ಆಕಿ ಮುಂದ ಎಲ್ಲಾ ಕಾಣ್ತದಲ್ರಿ..."

ಕೀಲಿ ಹಾಕಿಸಿದ್ದಕ್ಕೆ ಗುರುಪಾದಯ್ಯನವರ ಮೇಲೂ ಬೇರೊಂದು ಎಫ್‌ಐಆರ್ ದಾಖಲಾಯಿತು.

ಪೆಟ್ಟಿಗೆ ಸಿಕ್ಕಿದ್ದು ಬಬಲೇಶ್ವರದಾಚೆ ಮಮದಾಪುರದ ಕುರಿಹಟ್ಟಿಯಲ್ಲಿ, ಕಂಬಳಿಯಲ್ಲಿ ಸುತ್ತಿದ ಸ್ಥಿತಿಯಲ್ಲಿ. ಅಮೋಘಿ ಅದನ್ನು ರಾತ್ರಿಯೇ ತನ್ನೂರ ಕೆರೆಗೆ ಎಸೆಯಲು ಒಯ್ದಿದ್ದ. ಅಷ್ಟೂ ಹೆಣ್ಣುಮಕ್ಕಳ ದುಡಿಮೆ ಮುಳುಗುತ್ತದಲ್ಲ ಎಂದು ಕೈ ಬಂದಿರಲಿಲ್ಲ. ಅಮೋಘಿಯನ್ನು ಅಂದೇ ಬಂಧಿಸಿದರು.

ಆ ದೃಶ್ಯಗಳ ಮೇಲೆಯೇ ನ್ಯಾಯಾಲಯ ಆದೇಶ ಮಾಡಿತು. ಬಾಕಿ ಕೂಲಿ ಹೆಣ್ಣುಮಕ್ಕಳ ಕೈಸೇರಿತು. ನ್ಯಾಯಾಲಯದ ಹೊರಗೆ ಹುಚ್ಚವ್ವ ಸಿಕ್ಕಾಗ ಸೌಭಾಗ್ಯ ಅಳುಕುತ್ತಲೇ ಹೇಳಿದರು, "ನಿನಗ ಗೊತ್ತಾಗಬಾರ್ದಂತ ಕದ್ದಾನವ್ವ."

"ನನಗ ಮೊದಲ ಗೊತ್ತಿತ್ರಿ," ಎಂದಳು ಹುಚ್ಚವ್ವ. "ಕೀಲಿ ಹಾಕೂಮುಂದ ಬಾಗಲಾಚೆ ಆ ಮೆಟ್ಟಿನ ಸಪ್ಪಳ ದಿನಾ ಕೇಳ್ತಿತ್ತು. ಮನ್ಯಾಗ ಬಾಯಿಬಿಟ್ಟು ಹೇಳ್ತಾರಂತ ಹಾದಿ ನೋಡಿದ್ನಿರಿ."